ಕ್ಯಾಮೆರಾ 25, ಫೋನ್ 30: ಒಂದು ಯಕ್ಷಗಾನದ ಎಡಿಟಿಂಗ್‌ನಲ್ಲಿ ಮಾಡಿ ನೋಡಿದ ದಾರಿಗಳು

ನಮ್ಮೂರ ಬಯಲಾಟದ ವಿಡಿಯೊ ಎಡಿಟ್ ಮಾಡಲು ಕೂತಾಗ ಕೈಯಲ್ಲಿದ್ದದ್ದು ಎರಡು ಬಗೆಯ ಫೂಟೇಜ್. ರಂಗಸ್ಥಳದ ಎದುರು ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾದ್ದು ಸೆಕೆಂಡಿಗೆ 25 ಫ್ರೇಮ್; ಪಕ್ಕದಿಂದ ನನ್ನ ತಮ್ಮ ತನ್ನ ಫೋನಿನಲ್ಲಿ ತೆಗೆದದ್ದು 30. ಮುಕ್ಕಾಲು ಪಾಲು ಕ್ಯಾಮೆರಾದ್ದೇ ಆದ್ದರಿಂದ ಟೈಮ್‌ಲೈನನ್ನು (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) 25ಕ್ಕೆ ಇಟ್ಟೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರು ಇದನ್ನು ಕ್ಲಿಪ್ ತರುವ ಮೊದಲೇ ಮಾಡಿಕೊಳ್ಳಿ. ಕ್ಲಿಪ್ ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲಾಗದು.

ಮೊದಲು ಫೋನಿನ ಫೈಲನ್ನು ಇದ್ದ ಹಾಗೇ ಎಳೆದು ಹಾಕಿದೆ. ಹತ್ತು ನಿಮಿಷ ಸರಿಯಾಗಿತ್ತು. ನಲವತ್ತನೇ ನಿಮಿಷದ ಹೊತ್ತಿಗೆ ಕೋಲು ಇನ್ನೂ ಗಾಳಿಯಲ್ಲಿರುವಾಗಲೇ ಚೆಂಡೆಯ ಪೆಟ್ಟು ಕೇಳಿಸುತ್ತಿತ್ತು. ಬೇರೆ ವಿಡಿಯೊದಲ್ಲಾದರೆ ಯಾರೂ ಗಮನಿಸದೆ ಹೋಗಬಹುದು, ಆದರೆ ತಾಳ ತಪ್ಪಿದ ಯಕ್ಷಗಾನವನ್ನು ನೋಡುವುದು ಹೇಗೆ? ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದರೆ ಫ್ರೇಮ್ ರೇಟ್ ಮೋಡ್ ಎದುರು ‘ವೇರಿಯಬಲ್’ (ಬದಲಾಗುವಂಥದ್ದು) ಎಂದಿತ್ತು. ಬೆಳಕು ಕಡಿಮೆಯಾದಾಗ ಫೋನು ಫ್ರೇಮ್‌ಗಳನ್ನು ತಾನೇ ಇಳಿಸಿತ್ತು. 30 ಎಂಬುದು ಹೆಸರಿಗಷ್ಟೇ.

ಹಾಗಾಗಿ ಮೊದಲು ಸ್ಥಿರ ಫ್ರೇಮ್ ರೇಟಿಗೆ ತರಬೇಕು. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ 30, ‘ಕಾನ್ಸ್ಟಂಟ್’ (ಸ್ಥಿರ), ಗುಣಮಟ್ಟದ ಅಳತೆಯಾದ ಆರ್‌ಎಫ್ 18 ಕೊಟ್ಟೆ. ಚೆಂಡೆ ಕೊನೆಯವರೆಗೂ ಕೋಲಿಗೆ ಕೂತಿತು, ಫೈಲೂ ಚಿಕ್ಕದು. ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಿಂದೆ ಮುಂದೆ ಎಳೆದಾಗ ಅದು ತಡವರಿಸಿತು. ಅದೇ ಕ್ಲಿಪ್ಪನ್ನು ಶಟರ್ ಎನ್‌ಕೋಡರ್ ಎಂಬ ಇನ್ನೊಂದು ಪರಿವರ್ತಕದಲ್ಲಿ ಪ್ರೋರೆಸ್ 422 (ಎಡಿಟಿಂಗ್‌ಗೆಂದೇ ಇರುವ ಫಾರ್ಮ್ಯಾಟ್) ಮಾಡಿದಾಗ ಬೆಣ್ಣೆಯಂತೆ ಓಡಿತು. 1080ಪಿಗೆ ಗಂಟೆಗೆ ಸುಮಾರು 66 ಜಿಬಿ ಜಾಗ ಬೇಕು, ಅದೊಂದೇ ತೊಂದರೆ. ಒಂದೆರಡು ಗಂಟೆಯ ಪ್ರಸಂಗವಾದರೆ ನಾನು ಪ್ರೋರೆಸ್ಸನ್ನೇ ಹಿಡಿಯುತ್ತೇನೆ. ಇಡೀ ರಾತ್ರಿಯ ಆಟಕ್ಕೆ ಹ್ಯಾಂಡ್‌ಬ್ರೇಕ್.

ಈ ಪರಿವರ್ತನೆಯಲ್ಲೇ ನೇರವಾಗಿ 25 ಮಾಡಿಯೂ ನೋಡಿದೆ, ಅದು ಬೇಡ. ಬಿಟ್ಟುಹೋದ ಫ್ರೇಮ್ ಫೈಲಿನಿಂದಲೇ ಹೋಗಿಬಿಡುತ್ತದೆ, ಆಮೇಲೆ ಬೇರೆ ವಿಧಾನ ಪ್ರಯತ್ನಿಸಲು ಏನೂ ಉಳಿದಿರುವುದಿಲ್ಲ.

ಇನ್ನು ಟೈಮ್‌ಲೈನಿನಲ್ಲಿ 30ನ್ನು 25ಕ್ಕೆ ಇಳಿಸುವ ಮಾತು. ‘ನಿಯರೆಸ್ಟ್’ (ಹತ್ತಿರದ ಫ್ರೇಮನ್ನೇ ತೋರಿಸುವ ಆಯ್ಕೆ) ಇಟ್ಟರೆ ಆರರಲ್ಲಿ ಒಂದು ಫ್ರೇಮ್ ಬಿಟ್ಟುಹೋಗುತ್ತದೆ. ಕೂತು ಹಾಡುವ ಭಾಗವತರ ಶಾಟ್‌ನಲ್ಲಿ ಅದು ಗೊತ್ತೇ ಆಗಲಿಲ್ಲ, ವೇಷಧಾರಿ ಧಿಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವಾಗ ಮಾತ್ರ ಸಣ್ಣ ಜರ್ಕ್ ಕಾಣಿಸಿತು. ಪಕ್ಕದ ಫ್ರೇಮ್‌ಗಳನ್ನು ಬೆರೆಸುವ ‘ಫ್ರೇಮ್ ಬ್ಲೆಂಡ್’ ಆ ಜರ್ಕನ್ನು ಮರೆಸಿ, ಬದಲಿಗೆ ಕಿರೀಟಕ್ಕೆ ಎರಡೆರಡು ಅಂಚು ಕೊಟ್ಟಿತು. ಚಲನೆಯನ್ನು ಅಂದಾಜಿಸಿ ಹೊಸ ಫ್ರೇಮ್ ಕಟ್ಟುವ ‘ಆಪ್ಟಿಕಲ್ ಫ್ಲೋ’ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಧಿಗಿಣದ ಫ್ರೇಮ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದೆ: ಬೀಸುವ ಕೈಯ ಬೆರಳುಗಳು ಹಿಂದಿನ ಪರದೆಯೊಳಗೆ ಕರಗಿದ್ದವು, ಎದೆಕಟ್ಟಿನ ಮಣಿಸಾಲು ನೀರಿನಂತೆ ಅಲುಗುತ್ತಿತ್ತು. ವರ್ಷಗಟ್ಟಲೆ ಸಾಧಿಸಿದ ಕುಣಿತಕ್ಕೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ನಿಯರೆಸ್ಟನ್ನೇ ಉಳಿಸಿಕೊಂಡು, ಫೋನಿನ ಶಾಟ್‌ಗಳನ್ನು ಹಿಮ್ಮೇಳಕ್ಕೆ ಬಳಸಿದೆ, ಕುಣಿತವೆಲ್ಲ ಕ್ಯಾಮೆರಾದ್ದು.

ಮುಂದಿನ ಆಟಕ್ಕೆ ತಮ್ಮನ ಐಫೋನಿನ ವಿಡಿಯೊ ಸೆಟ್ಟಿಂಗ್ಸಿನಲ್ಲಿ ಪಾಲ್ ಫಾರ್ಮ್ಯಾಟ್ಸ್ (25 ಫ್ರೇಮ್‌ನ ಬಗೆ) ತೋರಿಸುವ ಆಯ್ಕೆಯನ್ನು ಆನ್ ಮಾಡಿ 25 ಇಟ್ಟಿದ್ದೇನೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಶಟರ್ 1/50 ಸೆಕೆಂಡಿನಲ್ಲಿದ್ದರೆ ಟ್ಯೂಬ್‌ಲೈಟಿನ ಮಿಣುಕೂ ಬರುವುದಿಲ್ಲ. ಶಟರನ್ನು ಅಲ್ಲೇ ಹಿಡಿದಿಡಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಟ್ಟಿದ್ದೇನೆ.