ಒಂಟಿ ಪೈಪಿನ ಸ್ಟೀಮ್ ಹೀಟಿಂಗ್: ನಂಬರ್ ವೆಂಟೋ, ತಿರುಗಿಸುವ ವೆಂಟೋ, ಥರ್ಮೋಸ್ಟಾಟಿಕ್ ವಾಲ್ವೋ?

ನ್ಯೂಯಾರ್ಕ್ ಕಡೆಯ ಜರ್ಸಿ ಸಿಟಿ, ಕ್ವೀನ್ಸ್‌ನಲ್ಲಿ ಹಬೆಯಿಂದ ಬೆಚ್ಚಗಾಗುವ ಹಳೇ ಮನೆ ತಗೊಂಡವರು ಈ ಮೂರರಲ್ಲಿ ಯಾವುದು ಅಂತ ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ. ಒಂದು ರೂಮು ಬೇಯುತ್ತಾ ಇನ್ನೊಂದು ನಡುಗಿಸುತ್ತಿದ್ದರೆ ಗಾರ್ಟನ್ ಕಂಪನಿಯ ನಂಬರ್ ಹಾಕಿದ, ಗಾಳಿ ಹೊರಬಿಡುವ ಏರ್ ವೆಂಟ್ ತನ್ನಿ. ನಮ್ಮ ಮನೆಯಲ್ಲಿ ಮೂರೂ ಬಗೆ ಹಾಕಿ ನೋಡಿಯಾಗಿದೆ.

ಈ ಮನೆಗಳಲ್ಲಿ ಬೇಸ್‌ಮೆಂಟಿನ ಬಾಯ್ಲರಿನಿಂದ ರೂಮಿನ ಕಬ್ಬಿಣದ ರೇಡಿಯೇಟರಿಗೆ ಹಬೆ ಹತ್ತುವುದೂ ಅದು ತಣಿದು ನೀರಾಗಿ ಇಳಿಯುವುದೂ ಒಂದೇ ಪೈಪಿನಲ್ಲಿ. ಅದಕ್ಕೇ ರೇಡಿಯೇಟರ್ ಬುಡದ ದೊಡ್ಡ ವಾಲ್ವು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಸೆಕೆ ಅಂತ ಅರ್ಧ ತಿರುಗಿಸಿದರೆ ಹತ್ತುವ ಹಬೆ ಇಳಿಯುವ ನೀರಿಗೆ ಅಡ್ಡ ಬರುತ್ತೆ. ನೀರು ಒಳಗೇ ನಿಂತು ರಾತ್ರಿಯಿಡೀ ಪೈಪು ಢಣಢಣ ಅನ್ನುತ್ತೆ. ಊರಿಂದ ಹೊಸದಾಗಿ ಬಂದು ಬಾಡಿಗೆಗಿರುವವರು ಮೊದಲು ತಿರುಗಿಸುವುದು ಅದನ್ನೇ, ಏಕೆಂದರೆ ಕಣ್ಣಿಗೆ ಬೀಳುವುದು ಅದೊಂದೇ. ಬಿಸಿಯನ್ನು ಹಿಡಿತದಲ್ಲಿಡುವುದು ಎದುರು ತುದಿಯಲ್ಲಿರುವ ಹೆಬ್ಬೆರಳು ಗಾತ್ರದ ಏರ್ ವೆಂಟ್. ಒಳಗಿನ ಗಾಳಿ ಅದರಿಂದ ಎಷ್ಟು ಬೇಗ ಹೊರಟರೆ ಹಬೆ ಅಷ್ಟು ಬೇಗ ತುಂಬುತ್ತೆ. ಹಬೆ ತಗುಲಿದ ಕೂಡಲೇ ವೆಂಟ್ ತಾನೇ ಮುಚ್ಚಿಕೊಳ್ಳುತ್ತೆ.

ಮೊದಲು ತಂದದ್ದು ಥರ್ಮೋಸ್ಟಾಟಿಕ್ ವಾಲ್ವು. ಇದು ರೇಡಿಯೇಟರಿಗೂ ಏರ್ ವೆಂಟಿಗೂ ನಡುವೆ ಕೂರುತ್ತೆ. ರೂಮು ಸಾಕಷ್ಟು ಬೆಚ್ಚಗಾದರೆ ಗಾಳಿಯ ದಾರಿ ಮುಚ್ಚುತ್ತೆ, ಗಾಳಿ ಹೋಗದಿದ್ದರೆ ಹಬೆ ಬರಲ್ಲ. ಕೇಳೋಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಂಗಡಿಯವರು ಮಾತ್ರ ಒಂದು ವಿಷಯ ಹೇಳಲಿಲ್ಲ: ಒಮ್ಮೆ ಹಬೆ ಒಳಗೆ ತುಂಬಿಕೊಂಡಿತೆಂದರೆ ಇದರ ಕೈಯಲ್ಲಿ ಏನೂ ಆಗಲ್ಲ. ಬುಡದ ಪೈಪು ತೆರೆದೇ ಇರುತ್ತೆ. ಬಾಯ್ಲರ್ ಉರಿಯುವಷ್ಟು ಹೊತ್ತೂ ಹಬೆ ತಣಿದು ನೀರಾಗುತ್ತಾ, ಆ ಜಾಗಕ್ಕೆ ಹೊಸ ಹಬೆ ಬರುತ್ತಲೇ ಇರುತ್ತೆ.

ನಮ್ಮ ತೊಂದರೆ ಶುರುವಾದದ್ದೇ ಅಲ್ಲಿ. ರಾತ್ರಿ ಮಲಗುವಾಗ, ಬಾಯ್ಲರ್ ಯಾವಾಗ ಉರಿಯಬೇಕೆಂದು ಹೇಳುವ ಥರ್ಮೋಸ್ಟಾಟನ್ನು 62 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಬೆಳಗ್ಗೆ 68ಕ್ಕೆ ಏರಿಸುವುದು ನಮ್ಮ ರೂಢಿ. ಬೆಳಗ್ಗೆ ಬಾಯ್ಲರ್ ಒಂದೇ ಸಮನೆ ಉರಿಯುತ್ತೆ. ಆಗ ಮಲಗುವ ಕೋಣೆ ತಣ್ಣಗಿರುವುದರಿಂದ ವಾಲ್ವು ತೆರೆದುಕೊಂಡಿರುತ್ತೆ, ರೇಡಿಯೇಟರ್ ಈ ತುದಿಯಿಂದ ಆ ತುದಿಯವರೆಗೆ ತುಂಬಿಬಿಡುತ್ತೆ. ಕೋಣೆ 68 ಮುಟ್ಟಿದಾಗ ವಾಲ್ವೇನೋ ಮುಚ್ಚಿಕೊಳ್ಳುತ್ತೆ, ಆದರೆ ಅಷ್ಟರಲ್ಲಿ ಕಾಲ ಮೀರಿರುತ್ತೆ. ಕಾದ ಕಬ್ಬಿಣ ಕೋಣೆಯನ್ನು ಎಳೆದುಕೊಂಡು ಹೋಗಿ 76ಕ್ಕೆ ನಿಲ್ಲಿಸುತ್ತಿತ್ತು. ಹೊರಗೆ ಹಿಮ ಬೀಳುತ್ತಿದ್ದರೂ ಮಗಳು ಕಿಟಕಿ ತೆರೆದು ಓದಲು ಕೂರುತ್ತಿದ್ದಳು. ಸಂಜೆಯೋ, ಬಾಯ್ಲರ್ ಸ್ವಲ್ಪ ಸ್ವಲ್ಪ ಹೊತ್ತು ಉರಿದು ಆರುವಾಗ ಅದೇ ವಾಲ್ವು ಚೆನ್ನಾಗಿ ಕೆಲಸ ಮಾಡುತ್ತಿತ್ತು. ವಸ್ತು ಕೆಟ್ಟದ್ದಲ್ಲ, ನಮ್ಮ ಬೆಳಗಿನ ಪದ್ಧತಿಗೆ ಒಗ್ಗಲಿಲ್ಲ ಅಷ್ಟೆ. ಮೇಲಿಂದ ಅದರ ತಲೆ ಪರದೆಯ ಹಿಂದೆ ಸಿಕ್ಕಿಕೊಂಡು, ಕೋಣೆಯ ಬದಲು ಪರದೆ ಹಿಂದಿನ ಬಿಸಿಯನ್ನೇ ಅಳೆಯುತ್ತಿತ್ತು.

ಗಾಳಿ ಎಷ್ಟು ಬೇಗ ಹೋಗಬೇಕೆಂದು ತಿರುಪಿನಿಂದ ಹೊಂದಿಸುವ ತಿರುಗಿಸುವ ವೆಂಟ್ ಅಗ್ಗ. ತಿರುಪು ಜಾಸ್ತಿ ತೆರೆದಾಗ ಗೋಡೆಗೆ ನೀರು ಉಗುಳಿತು, ಮನೆಗೆ ಬಂದವರೆಲ್ಲ ಅದನ್ನು ಮುಟ್ಟಿ ತಿರುಗಿಸಿದರು. ಎತ್ತಿಟ್ಟೆ.

ಗಾರ್ಟನ್ ನ್ಯೂಜರ್ಸಿಯ ಕ್ರ್ಯಾನ್‌ಫರ್ಡ್‌ನ ಕಂಪನಿ. ವೆಂಟಿನ ಮೇಲೆ 4, 5, 6, ಸಿ, ಡಿ ಅಂತ ಇರುತ್ತೆ: 4 ಎಲ್ಲಕ್ಕಿಂತ ನಿಧಾನ, ಡಿ ಎಲ್ಲಕ್ಕಿಂತ ಜೋರು. ತಿರುಗಿಸಲು ಏನೂ ಇಲ್ಲ, ಹಾಗಾಗಿ ಕೆಡಿಸಲೂ ಏನಿಲ್ಲ. ಬಾಯ್ಲರಿಗೆ ಹತ್ತಿರವಿದ್ದು ಬೇಯುತ್ತಿದ್ದ ಕೋಣೆಗೆ 4, ನಡುಮನೆಗೆ 6, ಪೈಪಿನ ಕೊನೆಯಲ್ಲಿರುವ ಹಿಂದಿನ ರೂಮಿಗೆ ಡಿ ಹಾಕಿದೆ. ಈಗ ಬೆಳಗ್ಗೆ ಬಾಯ್ಲರ್ ಆರುವ ಹೊತ್ತಿಗೆ ಬಿಸಿ ಕೋಣೆಯ ರೇಡಿಯೇಟರ್ ಮುಕ್ಕಾಲು ಮಾತ್ರ ಕಾದಿರುತ್ತೆ. ಕೈಯಿಟ್ಟು ಸವರುತ್ತಾ ಹೋದರೆ ಕೊನೆಯ ಎರಡು ಕಂಬಿ ತಣ್ಣಗೆ ಸಿಗುತ್ತವೆ. ನನಗೆ ಬೇಕಾಗಿದ್ದದ್ದು ಅದೇ. ಒಂದು ಥರ್ಮೋಸ್ಟಾಟಿಕ್ ವಾಲ್ವಿನ ದುಡ್ಡಲ್ಲಿ ಮೂರು-ನಾಲ್ಕು ರೂಮಿನ ವೆಂಟ್ ಬಂತು.

ಇವುಗಳಿಗೆ ಖರ್ಚು ಮಾಡುವ ಮುಂಚೆ ಬೇಸ್‌ಮೆಂಟಿಗೆ ಇಳಿಯಿರಿ. ಮುಖ್ಯ ಪೈಪಿನ ತುದಿಯಲ್ಲಿರುವ ದೊಡ್ಡ ವೆಂಟ್ ಕಟ್ಟಿಕೊಂಡಿದ್ದರೆ ಮೇಲೆ ಯಾವ ನಂಬರ್ ಹಾಕಿದರೂ ಪ್ರಯೋಜನವಿಲ್ಲ. ಬಾಯ್ಲರಿನ ಒತ್ತಡವನ್ನೂ ನೋಡಿ. ಅಡುಗೆಮನೆಯ ಕುಕ್ಕರ್ ಕೂಗುವುದು ಸುಮಾರು 15 ಪಿಎಸ್‌ಐ (ಒತ್ತಡದ ಅಳತೆ) ಒತ್ತಡದಲ್ಲಿ, ಇಡೀ ಮನೆ ಬೆಚ್ಚಗಾಗೋಕೆ 2 ಪಿಎಸ್‌ಐ ಕೂಡ ಬೇಡ. ರೇಡಿಯೇಟರ್ ಮೇಲೆ ರಸಮಟ್ಟ ಇಟ್ಟು, ಅದು ಪೈಪಿನ ಕಡೆಗೆ ತುಸು ಇಳಿಜಾರಾಗಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ.

ನ್ಯೂಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರ ಮಾತು ಬೇರೆ. ಅಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಲ್ಲಿ ಹೊರಗೆ 55ಕ್ಕಿಂತ ಕಮ್ಮಿಯಾದರೆ ಒಳಗೆ 68 ಇರಲೇಬೇಕು ಅಂತ ಕಾನೂನಿದೆ. ಓನರ್ ಅತಿ ತಣ್ಣನೆಯ ಮನೆಯನ್ನು ನೋಡಿ ಬಾಯ್ಲರ್ ಉರಿಸುತ್ತಾರೆ, ಉಳಿದವರು ಬೇಯುತ್ತಾರೆ. ಬಾಯ್ಲರ್ ನಿಮ್ಮ ಕೈಯಲ್ಲಿಲ್ಲದೆ, ಅದು ಆಗಾಗ ಹೊತ್ತಿ ಆರುತ್ತಿದ್ದರೆ ಥರ್ಮೋಸ್ಟಾಟಿಕ್ ವಾಲ್ವಿಗೆ ಓನರನ್ನು ಕೇಳಿ, ಅಲ್ಲಿ ಅದು ನ್ಯಾಯವಾಗಿ ದುಡಿಯುತ್ತೆ.

ಬುಡದ ಹಳೇ ವಾಲ್ವಿನ ಕಡ್ಡಿಯ ಪಕ್ಕ ಹಬೆ ಸೋರುತ್ತಿದ್ದರೆ ವಾಲ್ವನ್ನೇ ಬದಲಿಸಲು ಹೊರಡಬೇಡಿ. ಹೊಸ ವಾಲ್ವು ರೇಡಿಯೇಟರಿನಲ್ಲಿರುವ ಹಳೇ ಜೋಡಣೆಗೆ ಸಾಮಾನ್ಯವಾಗಿ ಕೂರುವುದಿಲ್ಲ, ಅದನ್ನೂ ಬಿಚ್ಚಬೇಕಾಗುತ್ತೆ. ಬಾಯ್ಲರ್ ಆರಿಸಿ, ತಣಿದ ಮೇಲೆ ಕಡ್ಡಿಯ ಸುತ್ತಲಿನ ನಟ್ ಸಡಿಲಿಸಿ, ಸೋರಿಕೆ ತಡೆಯುವ ಗ್ರಾಫೈಟ್ ಪ್ಯಾಕಿಂಗ್ ದಾರ ಸುತ್ತಿಸಿ. ನಮ್ಮದು ಅಷ್ಟರಲ್ಲೇ ನಿಂತಿದೆ.