ಚಾಂಪಿಯನ್ ಓಡಿಸಿದ ಜಾವಾ ಅಂದರು, ನಂಬಿ ದುಡ್ಡು ಕೊಟ್ಟೆ

ಹಳೆಯ ರೇಸ್ ಬೈಕ್ ಕೊಳ್ಳಬೇಕು ಅಂತ ಆಸೆ ಇಟ್ಟುಕೊಂಡಿರುವವರು, ಅದರಲ್ಲೂ ಇಂಗ್ಲೆಂಡಿನಲ್ಲೋ ಯುರೋಪಿನಲ್ಲೋ ಇರುವ ನಮ್ಮ ಜಾವಾ-ಯೆಜ್ಡಿ ಹುಚ್ಚಿನವರು, ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ನಾನು 6,200 ಪೌಂಡ್ ಕಳೆದುಕೊಂಡ ಕಥೆ ಇದು. ಪೂರ್ತಿ ಕಳೆದುಕೊಂಡೆ ಅನ್ನುವ ಹಾಗಿಲ್ಲ, ಗಾಡಿ ನಮ್ಮ ಶೆಡ್ಡಿನಲ್ಲೇ ನಿಂತಿದೆ. ಆದರೆ ಅಷ್ಟು ದುಡ್ಡಿನ ಗಾಡಿ ಅದಲ್ಲ.

ನಾನು ಮೈಸೂರಿನವನು. ನಮ್ಮ ಚಿಕ್ಕಪ್ಪ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು, 1996ರಲ್ಲಿ ಬಾಗಿಲು ಮುಚ್ಚುವವರೆಗೂ. ಕಿಕ್ಕರ್ ಒದ್ದು ಸ್ಟಾರ್ಟ್ ಮಾಡಿ, ಅದೇ ಲಿವರನ್ನು ಮುಂದಕ್ಕೆ ತಿರುಗಿಸಿ ಗೇರ್ ಹಾಕುವ ಗಾಡಿ ಮೇಲೆ ಬೆಳೆದವನು ನಾನು. ಟ್ಯಾಂಕಿನ ಮೇಲಿನ ಆ ನಾಲ್ಕು ಅಕ್ಷರ ಕಂಡರೆ ಸಾಕು, ಬುದ್ಧಿ ಕೆಲಸ ಮಾಡುವುದು ನಿಲ್ಲುತ್ತದೆ. ಮುಂದೆ ಆಗಿದ್ದಕ್ಕೆಲ್ಲ ಮೂಲ ಇದೇ.

ಕೆಲಸಕ್ಕೆ ಅಂತ ಇಂಗ್ಲೆಂಡಿನ ಕವೆಂಟ್ರಿಗೆ ಬಂದ ಮೊದಲ ಬೇಸಿಗೆಯಲ್ಲಿ ಆಫೀಸಿನವರೊಬ್ಬರು ಊರಾಚೆ ಬ್ರ್ಯಾಂಡನ್ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದರು. ಸ್ಪೀಡ್‌ವೇ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅಂಡಾಕಾರದ ಮಣ್ಣಿನ ಟ್ರ್ಯಾಕು. ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. 500 ಸಿಸಿ ಗಾಡಿ, ಒಂದೇ ಗೇರು, ಬ್ರೇಕೇ ಇಲ್ಲ. ಹೌದು, ಬ್ರೇಕ್ ಇಲ್ಲ! ತಿರುವಿನಲ್ಲಿ ಎಡಗಾಲಿನ ಉಕ್ಕಿನ ಅಟ್ಟೆಯನ್ನು ನೆಲಕ್ಕೆ ಊರಿ, ಹ್ಯಾಂಡಲ್ ಬಲಕ್ಕೆ ತಿರುಗಿಸಿ, ಗಾಡಿಯನ್ನು ಮಾತ್ರ ಎಡಕ್ಕೆ ಜಾರಿಸಿಕೊಂಡು ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತರೆ ಮೈಯೆಲ್ಲ ಕೆಂಪು ಧೂಳು. ಅವತ್ತು ರೇಸಿಗೆ ಮುಂಚೆ ಕೆಲವು ಹಳೆಯ ಗಾಡಿಗಳನ್ನು ಸುಮ್ನೆ ಒಂದೆರಡು ಸುತ್ತು ಓಡಿಸಿದರು. ಹೊಗೆ ನಮ್ಮ ಕಡೆ ಬಂತು. ಮೂಗಿಗೆ ಹೊಡೆದ ವಾಸನೆ ಎಲ್ಲಿಯದೋ ಪರಿಚಯದ್ದು. ಹರಳೆಣ್ಣೆ! ಈ ಹಳೆಯ ಎಂಜಿನ್ನುಗಳಿಗೆ ಹಾಕುವುದು ಹರಳೆಣ್ಣೆಯಿಂದ ಮಾಡಿದ ಆಯಿಲ್. ಒಳಗೆ ಹೋದ ಎಣ್ಣೆ ತಿರುಗಿ ಟ್ಯಾಂಕಿಗೆ ಬರುವುದಿಲ್ಲ, ಉರಿದೋ ಸೋರಿಯೋ ಹೊರಗೇ ಹೋಗುತ್ತದೆ. ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ಇಲ್ಲಿ ಸಿಕ್ಕೀತು ಅಂತ ಯಾರಿಗೆ ಗೊತ್ತಿತ್ತು. ಹತ್ತಿರ ಹೋಗಿ ನೋಡಿದರೆ ಎಂಜಿನ್ ಮೇಲೆ ಜಾವಾ ಅಂತ ಬರೆದಿದೆ. ಮುಗೀತಲ್ಲ ಕಥೆ.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬೇಸ್ತು ಬಿದ್ದಿದ್ದು ಇಲ್ಲೇ. ಸ್ಪೀಡ್‌ವೇ ಜಾವಾಕ್ಕೂ ಮೈಸೂರು ಜಾವಾಕ್ಕೂ ಇರುವ ನಂಟು ಹೆಸರಿನದು ಮಾತ್ರ. ಎರಡನೇ ಮಹಾಯುದ್ಧ ಆದಮೇಲೆ ಚೆಕ್ ದೇಶದ ದಿವಿಷೋವ್ ಅನ್ನುವ ಊರಿನಲ್ಲಿ ಎಸೊ ಅಂತ ಒಂದು ಕಂಪನಿ ಈ ರೇಸ್ ಗಾಡಿಗಳನ್ನು ಮಾಡುತ್ತಿತ್ತು. 1964ರಲ್ಲಿ ಅದು ಜಾವಾದೊಳಗೆ ಸೇರಿತು. ಅಲ್ಲಿಯವರೆಗೆ ಸ್ಪೀಡ್‌ವೇ ಅಂದರೆ ಲಂಡನ್ನಿನ ಜೆ.ಎ.ಪಿ. ಎಂಜಿನ್. ಆಮೇಲೆ ಜಾವಾದ್ದೇ ಕಾಲ. ನ್ಯೂಜಿಲೆಂಡಿನ ಐವನ್ ಮೇಜರ್ (Mauger) ಆರು ಸಲ ವಿಶ್ವ ಚಾಂಪಿಯನ್ ಆದ, ಡೆನ್ಮಾರ್ಕಿನ ಓಲೆ ಓಲ್ಸೆನ್ 1971, 1975, 1978ರಲ್ಲಿ ಮೂರು ಸಲ. ನಮ್ಮ ಮೈಸೂರಿನದು ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ. ಇದು ಫೋರ್ ಸ್ಟ್ರೋಕ್, ಪೆಟ್ರೋಲ್ ಬದಲು ಕುಡಿಯುವುದು ಮೆಥನಾಲ್ ಅನ್ನುವ ಆಲ್ಕೊಹಾಲ್. ಹೆಸರು ಒಂದೇ ಆದ ಮಾತ್ರಕ್ಕೆ ಇಬ್ಬರು ರಾಮಣ್ಣಂದಿರು ಅಣ್ಣತಮ್ಮಂದಿರು ಆಗಿಬಿಡುತ್ತಾರಾ?

2016ರ ಸೀಸನ್ ಆದಮೇಲೆ ಬ್ರ್ಯಾಂಡನ್‌ನಲ್ಲಿ ರೇಸ್ ನಿಂತುಹೋಯಿತು. 1928ರಿಂದ ಗಾಡಿ ಓಡಿದ ಜಾಗ ಅದು. ಜನರಿಗೆ ದುಃಖ ಜಾಸ್ತಿಯಾದಷ್ಟೂ ಹಳೆಯ ಸಾಮಾನಿನ ಬೆಲೆ ಏರಿತು. ಬ್ಯಾಡ್ಜು, ಪ್ರೋಗ್ರಾಮ್ ಪುಸ್ತಕ, ಹರಿದ ಜಾಕೆಟ್ಟು, ಎಲ್ಲದಕ್ಕೂ ಗಿರಾಕಿ. ಹೋದ ವರ್ಷ ಆನ್‌ಲೈನಿನಲ್ಲಿ ಒಂದು ಜಾಹೀರಾತು ಕಂಡಿತು: ‘1971ರ ಜಾವಾ, ವಿಶ್ವ ಚಾಂಪಿಯನ್ ಓಡಿಸಿದ್ದು ಎಂದು ನಂಬಲಾಗಿದೆ.’ ಈ ‘ನಂಬಲಾಗಿದೆ’ ಅನ್ನುವ ಪದವನ್ನು ಅವತ್ತು ಓದಿದೆ, ಆದರೆ ತಲೆಗೆ ಹೋಗಲಿಲ್ಲ.

ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆ. ಮಾರುವವನು ಭಾರಿ ಒಳ್ಳೆಯ ಮನುಷ್ಯನ ಥರ ಕಂಡ. ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ. ಗ್ಯಾರೇಜಿನ ಗೋಡೆ ತುಂಬ ಫೋಟೊ. ಗಾಡಿ ಫಳಫಳ ಹೊಳೆಯುತ್ತಿತ್ತು, ಫ್ರೇಮಿಗೆ ಹೊಸದಾಗಿ ನಿಕಲ್ ಪಾಲಿಶ್. ನಾನು ಮೈಸೂರಿನವನು, ಅಲ್ಲಿ ಜಾವಾ ಫ್ಯಾಕ್ಟರಿ ಇತ್ತು ಅಂತ ಬಾಯಿ ಬಿಟ್ಟೆ. ಅಲ್ಲಿಂದ ಅವನ ಮಾತಿನ ದಾರಿಯೇ ಬದಲಾಯಿತು. ‘ಹಾಗಾದರೆ ಇದು ನಿಮ್ಮ ಮನೆಯದೇ ಗಾಡಿ, ಇದು ನಿಮಗೇ ಸೇರಬೇಕು’ ಅಂದ. ಓಲ್ಸೆನ್ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದ ವರ್ಷ ಓಡಿಸಿದ್ದು, ಆಮೇಲೆ ಮೆಕ್ಯಾನಿಕ್ಕಿಗೆ ಹೋಯಿತು, ಮೆಕ್ಯಾನಿಕ್ ಹೆಂಡತಿಯ ಅಣ್ಣನ ಶೆಡ್ಡಿನಲ್ಲಿತ್ತು ಅಂತ ಹೆಣೆದ. ಕೊನೆಗೆ ಡ್ರಾಯರಿನಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದು ಕೈಗಿಟ್ಟ. ಓಲ್ಸೆನ್ ಗಾಡಿ ಮೇಲೆ ಕೂತಿದ್ದಾನೆ, ಎದೆಯ ಮೇಲೆ ಕವೆಂಟ್ರಿ ತಂಡದ ಗುರುತು, ಜೇನುನೊಣ. ಹಿಂದುಗಡೆ ನೀಲಿ ಇಂಕಿನಲ್ಲಿ 1971. ‘ಇದನ್ನು ಗಾಡಿ ಜೊತೆಗೇ ಕೊಡ್ತೀನಿ’ ಅಂದ.

ಚೌಕಾಸಿ ಕೂಡ ಮಾಡಲಿಲ್ಲ ನಾನು. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವವನು! ಅಲ್ಲೇ ನಿಂತು ಬ್ಯಾಂಕಿನಿಂದ ನೇರ ದುಡ್ಡು ಕಳಿಸಿದೆ. ಅವನು ರಸೀದಿ ಬರೆದುಕೊಟ್ಟ: ‘ಒಂದು ಹಳೆಯ ಸ್ಪೀಡ್‌ವೇ ಮೋಟರ್‌ಸೈಕಲ್, ನೋಡಿದ ಸ್ಥಿತಿಯಲ್ಲೇ ಮಾರಿದೆ.’ ಅಷ್ಟೇ. ಚಾಂಪಿಯನ್ ಹೆಸರಿಲ್ಲ, ಇಸವಿ ಇಲ್ಲ.

ಮನೆಗೆ ತಂದ ವಾರದಲ್ಲೇ ಕಾರ್ಬುರೇಟರ್ ಬಿಚ್ಚಿದೆ. ಒಳಗೆ ಸುಣ್ಣದ ಡಬ್ಬಿ ತೆರೆದ ಹಾಗಿತ್ತು. ಬೆರಳಲ್ಲಿ ಕೆರೆದರೆ ಬಿಳಿ ಪುಡಿ, ಅದರ ಕೆಳಗೆ ಅಲ್ಯೂಮಿನಿಯಂ ಗುಳಿಗುಳಿ. ಮೆಥನಾಲನ್ನು ಒಳಗೇ ಬಿಟ್ಟು ವರ್ಷಗಟ್ಟಲೆ ನಿಲ್ಲಿಸಿದರೆ ಹೀಗೇ ಆಗುತ್ತದಂತೆ. ಅದು ಗಾಳಿಯ ತೇವ ಹೀರುತ್ತದೆ, ಲೋಹವನ್ನು ತಿನ್ನುತ್ತದೆ. ರೇಸ್ ಮುಗಿದ ಕೂಡಲೇ ಅದನ್ನು ಬಸಿದು ತೊಳೆಯಬೇಕು. ಹರಳೆಣ್ಣೆ ಒಣಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಆಯಿಲ್ ಪೈಪಿನಲ್ಲಿ ಕೂತಿತ್ತು. ಈ ಎಂಜಿನ್ ಓಡಿ ಎಷ್ಟು ವರ್ಷ ಆಗಿತ್ತೋ. ‘ಹೋದ ಬೇಸಿಗೆ ಸ್ಟಾರ್ಟ್ ಮಾಡಿದ್ದೆ’ ಅಂತ ಹೇಳಿದ್ದನಲ್ಲ ಪುಣ್ಯಾತ್ಮ. ಫ್ರೇಮಿನ ಬೆಸುಗೆಯ ಹತ್ತಿರ ಪಾಲಿಶ್ ಕೆಳಗೆ ಕೂದಲೆಳೆಯಷ್ಟು ಬಿರುಕು ಬೇರೆ.

ಆದರೂ ಮನಸ್ಸು ಒಪ್ಪಲಿಲ್ಲ. ರಿಪೇರಿ ಮಾಡಿಸಿದರಾಯಿತು, ಓಲ್ಸೆನ್ ಗಾಡಿ ತಾನೇ ಅಂದುಕೊಂಡೆ. ಫೋಟೊಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬ್ರ್ಯಾಂಡನ್‌ಗೆ ಹೋದವರು. ಪ್ರತಿ ರೇಸಿನ ಅಂಕವನ್ನು ಪ್ರೋಗ್ರಾಮ್ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದು, ಪುಸ್ತಕಗಳನ್ನೆಲ್ಲ ಚಪ್ಪಲಿ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದಾರೆ. ಗೆದ್ದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಗಾಡಿ ತೋರಿಸೋಣ ಅಂತ ಅವರನ್ನು ಕರೆದೆ. ಅವರು ಶೆಡ್ಡಿನವರೆಗೂ ಬರಲೇ ಇಲ್ಲ. ಹಾಲ್‌ನಲ್ಲಿ ಫೋಟೊ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. ‘ಇದು ಯಾವ ಇಸವಿ ಅಂದೆ?’

1971 ಅಂದೆ.

ಅವರು ನಕ್ಕರು. 1971ರಲ್ಲಿ ಓಲ್ಸೆನ್ ವುಲ್ವರ್‌ಹ್ಯಾಂಪ್ಟನ್ ತಂಡದಲ್ಲಿದ್ದ, ನಾವು ಅವನ ವಿರುದ್ಧ ಕೂಗು ಹಾಕುತ್ತಿದ್ದೆವು, ಕವೆಂಟ್ರಿಯ ಜೇನುನೊಣ ಅವನ ಎದೆಗೆ ಬಂದದ್ದು 1976ರಲ್ಲಿ ಅಂದರು. ಮನೆಗೆ ಹೋಗಿ ಒಂದು ಡಬ್ಬಿ ತಂದರು. 1971ರ ಪುಸ್ತಕ ಬಿಡಿಸಿ, ಎದುರಾಳಿ ತಂಡದ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಸುಕ್ಕುಗಟ್ಟಿದ ಆ ಬೆರಳನ್ನೇ ನೋಡುತ್ತ ಕೂತೆ.

ಮುಂದಿನ ಭಾನುವಾರ ಅವರಿಗೆ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರು ಬಂದರು. ಎಂಜಿನ್ ತಲೆಯ ಮುಚ್ಚಳ ಬಿಚ್ಚಿ ನನ್ನ ಕೈಯಲ್ಲೇ ವಾಲ್ವ್ ಎಣಿಸಿಸಿದರು. ಒಂದು, ಎರಡು, ಮೂರು, ನಾಲ್ಕು. 1971ರ ಜಾವಾಕ್ಕೆ ಇದ್ದದ್ದು ಎರಡೇ ವಾಲ್ವ್. ಇಂಗ್ಲೆಂಡಿನ ವೆಸ್ಲೇಕ್ ಕಂಪನಿ ನಾಲ್ಕು ವಾಲ್ವಿನ ಎಂಜಿನ್ ತಂದು, 1976ರಲ್ಲಿ ಪೀಟರ್ ಕಾಲಿನ್ಸ್ ಅದರಲ್ಲೇ ವಿಶ್ವ ಚಾಂಪಿಯನ್ ಆದ. ಜಾವಾದವರೂ ಆ ಸುಮಾರಿಗೇ ನಾಲ್ಕು ವಾಲ್ವಿಗೆ ಬಂದದ್ದು. ನನಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ನಾನು ಬೆಳೆದ ಟೂ ಸ್ಟ್ರೋಕ್ ಜಾವಾದಲ್ಲಿ ವಾಲ್ವೇ ಇಲ್ಲ!

ಚಿಕ್ಕಪ್ಪನಿಗೆ ಫೋನ್ ಮಾಡಿದೆ.

‘ಎಂಜಿನ್ ನಂಬರ್ ನೋಡಿ ತಗೊಂಡ್ಯೇನೋ?’

‘ಆ ಜಾಗ ಉಜ್ಜಿಬಿಟ್ಟಿದ್ದಾರೆ ಚಿಕ್ಕಪ್ಪ.’

‘ಆರ್‌ಸಿ ಬುಕ್ಕು?’

‘ರೇಸ್ ಗಾಡಿ, ರೋಡಿಗೆ ಬರಲ್ಲ. ಇದಕ್ಕೆ ಆರ್‌ಸಿ ಇರಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆರ್‌ಸಿ ಇಲ್ದಿರೋ ಗಾಡಿಗೆ ಆರು ಸಾವಿರ ಪೌಂಡ್ ಕೊಟ್ಯಾ? ನಮ್ಮ ಫ್ಯಾಕ್ಟರಿ ಗೇಟಲ್ಲಿ ನಿಂತಿದ್ದ ನಾಯೀನೂ ನಗುತ್ತೆ ಕಣೋ.’

ಅವರು ಬೈದಿದ್ದರಲ್ಲೇ ವಿಷಯ ಇದೆ. ರಸ್ತೆಯ ಗಾಡಿಯಾದರೆ ಯಾರ ಹೆಸರಿನಲ್ಲಿತ್ತು, ಯಾವ ಇಸವಿಯದು ಅಂತ ಸರ್ಕಾರದ ಪುಸ್ತಕದಲ್ಲಿ ಇರುತ್ತದೆ. ಸ್ಪೀಡ್‌ವೇ ಗಾಡಿಗೆ ಅದೊಂದೂ ಇಲ್ಲ. ಮೇಲಾಗಿ ದೊಡ್ಡ ರೈಡರುಗಳ ಹತ್ತಿರ ಒಂದೇ ಗಾಡಿ ಇರುತ್ತಿರಲಿಲ್ಲ. ಇವತ್ತು ಈ ಫ್ರೇಮಿನಲ್ಲಿದ್ದ ಎಂಜಿನ್ ನಾಳೆ ಇನ್ನೊಂದರಲ್ಲಿ. ಬಿದ್ದು ಫ್ರೇಮ್ ಮುರಿದರೆ ಬೇರೆ ಫ್ರೇಮು. ಹಾಗಾಗಿ ನಿಜವಾಗಿ ಚಾಂಪಿಯನ್ ಓಡಿಸಿದ ಗಾಡಿಯನ್ನು ಪ್ರಾಮಾಣಿಕ ಮನುಷ್ಯ ಮಾರಿದರೂ ಅದನ್ನು ಸಾಬೀತು ಮಾಡುವುದು ಕಷ್ಟ. ಕಿವಿಗೆ ಹೂವಿಡುವವನಿಗೆ ಇದಕ್ಕಿಂತ ಒಳ್ಳೆಯ ಸಂತೆ ಎಲ್ಲಿ ಸಿಗಬೇಕು?

ಮಾರಿದವನಿಗೆ ಬರೆದೆ. ‘ನನಗೆ ಹೇಳಿದ್ದನ್ನೇ ನಿಮಗೆ ಹೇಳಿದೆ’ ಅಂತ ಒಂದು ಸಾಲಿನ ಉತ್ತರ ಬಂತು, ಆಮೇಲೆ ಸದ್ದಿಲ್ಲ. 10,000 ಪೌಂಡಿನವರೆಗಿನ ತಕರಾರನ್ನು ಇಲ್ಲಿನ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಒಯ್ಯಬಹುದು. ಸುಳ್ಳು ಹೇಳಿ ಮಾರಿದರೆ ಖಾಸಗಿ ಮಾರಾಟದಲ್ಲೂ ಕೇಸು ನಿಲ್ಲುತ್ತದೆ. ಆದರೆ ಅವನು ಹೇಳಿದ್ದಕ್ಕೆ ನನ್ನ ಹತ್ತಿರ ಏನಿದೆ? ಕುಡಿದ ಚಹಾ, ತಿಂದ ಬಿಸ್ಕತ್ತು.

ಆದ್ದರಿಂದ ಹೋಗುವವರು ನಿಮ್ಮ ಊರಿನ ಹೆಸರು ಹೇಳಬೇಡಿ, ತಮಾಷೆಗಲ್ಲ ಹೇಳುತ್ತಿರುವುದು. ಬಾಯಲ್ಲಿ ಹೇಳಿದ ಪ್ರತಿ ಮಾತನ್ನೂ, ರೈಡರ್ ಹೆಸರು ಇಸವಿ ಸಮೇತ, ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಕಾರ್ಬುರೇಟರನ್ನೂ ಎಂಜಿನ್ ಮುಚ್ಚಳವನ್ನೂ ಎದುರಿಗೇ ಬಿಚ್ಚಿಸಿ. ಫೋಟೊ ತೋರಿಸಿದರೆ ಗಾಡಿಗಿಂತ ಮೊದಲು ಮೈಮೇಲಿನ ತಂಡದ ಗುರುತು ನೋಡಿ, ಆ ಊರಿನ ಹಳೆಯ ಅಭಿಮಾನಿಯೊಬ್ಬರನ್ನು ಕೇಳಿ. ಮೆಥನಾಲ್ ವಿಷ, ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹಾಗಾಗಿ ‘ಇಲ್ಲೇ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಅಂತ ನೀವೇ ಕೈ ಹಾಕಬೇಡಿ.

ಹೋದ ತಿಂಗಳು ಗಾಡಿಯನ್ನು ಮಾರಾಟಕ್ಕೆ ಹಾಕಿದೆ. ಬಿರುಕು, ಕಾರ್ಬುರೇಟರ್, ಉಜ್ಜಿದ ನಂಬರ್ ಎಲ್ಲ ಬರೆದೆ. ಯಾರು ಓಡಿಸಿದ್ದು ಗೊತ್ತಿಲ್ಲ ಅಂತಲೂ ಬರೆದೆ. ಇವತ್ತಿನವರೆಗೆ ಬಂದದ್ದು ಒಂದೇ ಫೋನು.

‘ಇದು ಓಲ್ಸೆನ್ ಗಾಡಿ ಅಂತ ಕೇಳಿದೆ, ಹೌದಾ?’

ಅಲ್ಲ ಅಂದೆ.

‘ಓ, ಹಾಗಾದರೆ ಬೇಡ’ ಅಂತ ಇಟ್ಟುಬಿಟ್ಟ.