ವಿಎಸ್ ಕೋಡ್ ಝೆನ್ ಮೋಡ್, ಫೈಲ್ ನೆಸ್ಟಿಂಗ್, ಟ್ಯಾಬ್ ಲಿಮಿಟ್: ನನ್ನ ರಿವ್ಯೂ

ಕೋಡ್ ಬರೆಯೋ ಎಡಿಟರ್ ವಿಎಸ್ ಕೋಡಲ್ಲಿ ಕಂಟ್ರೋಲ್ ಕೆ ಒತ್ತಿ ಕೈ ಬಿಟ್ಟು ಝಡ್ ಒತ್ತಿದ್ರೆ ಝೆನ್ ಮೋಡ್ ಬರುತ್ತೆ, ಸೈಡ್‌ಬಾರ್ ಇಲ್ಲ ಸ್ಟೇಟಸ್ ಬಾರ್ ಇಲ್ಲ, ಸ್ಕ್ರೀನ್ ತುಂಬಾ ಬರೀ ಕೋಡ್. ಉದ್ದದ ಫಂಕ್ಷನ್ ಕೂತು ಓದೋಕೆ ತುಂಬಾ ಚೆನ್ನಾಗಿದೆ. ಆದ್ರೆ ಸ್ಟೇಟಸ್ ಬಾರ್ ಹೋಯ್ತು ಅಂದ್ರೆ ಯಾವ ಬ್ರಾಂಚಲ್ಲಿದೀವಿ (ಕೋಡಿನ ಯಾವ ಕವಲಲ್ಲಿ ಕೆಲಸ ಮಾಡ್ತಿದೀವಿ), ಎಷ್ಟು ಎರರ್ ಇದೆ ಅನ್ನೋದೂ ಹೋಯ್ತು, ಅದನ್ನೂ ನಾವೇ ನೆನಪಿಟ್ಕೊಂಡು ಕೂರಬೇಕು. ಮನುಷ್ಯನ ತಲೇಲಿ ಒಂದ್ಸಲಕ್ಕೆ ಸುಮಾರು 4 ವಿಷಯ ನಿಲ್ಲುತ್ತೆ ಅಂತ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲೇ ಬರೆದಿದ್ದಾರೆ, ಅದ್ರಲ್ಲಿ ಒಂದು ಜಾಗ ಬ್ರಾಂಚ್ ಹೆಸ್ರಿಗೆ ಯಾಕೆ ಕೊಡಬೇಕು? ಸೆಟ್ಟಿಂಗ್ಸಲ್ಲಿ ಝೆನ್ ಮೋಡ್ ಅಂತ ಹುಡುಕಿ ಹೈಡ್ ಸ್ಟೇಟಸ್ ಬಾರ್ ಟಿಕ್ ತೆಗೆದುಬಿಡಿ.

ನನಗೆ ನಿಜವಾಗ್ಲೂ ಇಷ್ಟ ಆಗಿರೋದು ಫೈಲ್ ನೆಸ್ಟಿಂಗ್, ಅಂದ್ರೆ ಸಂಬಂಧಪಟ್ಟ ಫೈಲುಗಳನ್ನ ಒಂದರ ಕೆಳಗೆ ಮಡಚಿಡೋದು. ಈಗಿನ ಯಾವ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ತೆಗೆದ್ರೂ ನಾವು ಬರೆದ ಕೋಡ್ ಒಂದು ಎಸ್‌ಆರ್‌ಸಿ ಫೋಲ್ಡರಲ್ಲಿರುತ್ತೆ, ಅದರ ಕೆಳಗೆ ಲಾಕ್ ಫೈಲು (ಯಾವ ಪ್ಯಾಕೇಜಿನ ಯಾವ ವರ್ಷನ್ ಅಂತ ಬರೆದಿಟ್ಟಿರೋದು), ಟಿಎಸ್ ಕಾನ್ಫಿಗ್ ಅದರ ಮೂರ್ನಾಲ್ಕು ತಮ್ಮಂದಿರು, ಲಿಂಟ್ ಕಾನ್ಫಿಗ್, ಡಾಕರ್ ಫೈಲು ಅಂತ ಸಾಲು ನಿಂತಿರುತ್ತೆ, ಬೇಕಾಗಿದ್ದು ಒಂದೇ ಫೈಲಾದ್ರೂ ಕಣ್ಣು ಎಲ್ಲದರ ಮೇಲೂ ಹಾದು ಹೋಗ್ಬೇಕು. ಎಕ್ಸ್‌ಪ್ಲೋರರ್ ಫೈಲ್ ನೆಸ್ಟಿಂಗ್ ಆನ್ ಮಾಡಿದ್ರೆ ಲಾಕ್ ಫೈಲ್ ಹೋಗಿ ಪ್ಯಾಕೇಜ್ ಡಾಟ್ ಜೇಸನ್ ಕೆಳಗೆ ಮಡಚಿಕೊಂಡು ಕೂರುತ್ತೆ, ಡಿಸ್ಕಲ್ಲಿ ಏನೂ ಜರುಗಲ್ಲ, ಬಾಣದ ಗುರುತು ಒತ್ತಿದ್ರೆ ಮತ್ತೆ ಹೊರಗೆ. ಲಿಂಟು ಡಾಕರ್ ಇವನ್ನೆಲ್ಲ ಸೇರಿಸೋಕೆ ಯಾವ ಫೈಲ್ ಯಾವುದರ ಕೆಳಗೆ ಅನ್ನೋ ಪ್ಯಾಟರ್ನ್ ನಾವೇ ಬರೀಬೇಕು, ಹತ್ತು ನಿಮಿಷದ ಕೆಲಸ, ದಯವಿಟ್ಟು ಮಾಡ್ಕೊಳ್ಳಿ. ಇಷ್ಟು ಒಳ್ಳೇದನ್ನ ಡೀಫಾಲ್ಟಾಗಿ ಆಫ್ ಇಟ್ಟಿರೋದು ನನಗೆ ಸರಿ ಕಾಣಲ್ಲ.

ಒಟ್ಟಿಗೆ ಎಷ್ಟು ಟ್ಯಾಬ್ ತೆರೆದಿರಬಹುದು ಅನ್ನೋ ಟ್ಯಾಬ್ ಲಿಮಿಟ್ ಕೂಡ ಇದೆ, ಅದೂ ಆಫ್, ಆನ್ ಮಾಡಿದ್ರೆ 10 ಅಂತ ಇರುತ್ತೆ, ನಾನು 5 ಮಾಡ್ಕೊಂಡಿದೀನಿ. ಮಿತಿ ದಾಟಿದ್ರೆ ತುಂಬಾ ಹೊತ್ತಿಂದ ಮುಟ್ಟದೇ ಇರೋ ಟ್ಯಾಬ್ ತಾನೇ ಮುಚ್ಚುತ್ತೆ, ಸೇವ್ ಆಗದೇ ಇರೋದು ಪಿನ್ ಮಾಡಿರೋದು ಮುಚ್ಚಲ್ಲ, ಹಾಗಾಗಿ ಹೆದರಬೇಡಿ. ಪಕ್ಕದಲ್ಲಿ ಇಡೀ ಫೈಲನ್ನ ಚಿಕ್ಕದಾಗಿ ತೋರಿಸೋ ಮಿನಿಮ್ಯಾಪ್ ಅಂತೂ ನನಗೆ ಬೇಡವೇ ಬೇಡ.

ಹುಷಾರಾಗಿರಬೇಕಾದ್ದು ಫೈಲ್ಸ್ ಎಕ್ಸ್‌ಕ್ಲೂಡ್ ಅನ್ನೋ ಸೆಟ್ಟಿಂಗ್ ವಿಷಯದಲ್ಲಿ. ಇದು ಮಡಚಲ್ಲ, ಪೂರ್ತಿ ಮಾಯ ಮಾಡುತ್ತೆ, ಸರ್ಚಲ್ಲೂ ಮಾಮೂಲಿಯಾಗಿ ಸಿಗಲ್ಲ. ಬಿಲ್ಡ್ ಫೋಲ್ಡರಿಗೆ ಹಾಕಿ, ಪರವಾಗಿಲ್ಲ. ಆದ್ರೆ ಕಾನ್ಫಿಗ್ ಫೈಲಿಗೆ ಹಾಕಿ ಆ ಸೆಟ್ಟಿಂಗನ್ನ ರೆಪೋಗೆ (ಟೀಮಿನವರೆಲ್ಲ ಬಳಸೋ ಕೋಡ್ ಸಂಗ್ರಹಕ್ಕೆ) ಕಮಿಟ್ ಮಾಡಿಬಿಟ್ರೆ ಹೊಸದಾಗಿ ಸೇರಿದ ಹುಡುಗಿ ಅದನ್ನ ಎಲ್ಲಿ ಅಂತ ಹುಡುಕ್ತಾಳೆ, ಅವಳ ಇಡೀ ಮಧ್ಯಾಹ್ನ ಅದಕ್ಕೇ ಹೋಗುತ್ತೆ. ಟೀಮಿಗೆ ಅಂತ ಕಮಿಟ್ ಮಾಡೋದಿದ್ರೆ ನೆಸ್ಟಿಂಗ್ ಪ್ಯಾಟರ್ನ್ ಮಾತ್ರ ಮಾಡಿ, ಎಕ್ಸ್‌ಕ್ಲೂಡ್ ನಿಮ್ಮ ಸ್ವಂತ ಸೆಟ್ಟಿಂಗಲ್ಲೇ ಇರ್ಲಿ.